ಕಬ್ಬಿನ ಲೈನಿನಲ್ಲಿ ಇಟ್ಟ ಹೆಸರು

ಗಾಡಿಗಳ ಸಾಲಿನಲ್ಲಿ ನಿಂತ ಡ್ರೈವರನ ಕೈಯಲ್ಲಿ ಫೋನು ಕಂಡರೆ ಸಾಕು, ನಮ್ಮವರಿಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮವರು ಅಂದರೆ ನನ್ನ ಯಜಮಾನರು. ಜಮಖಂಡಿಯಲ್ಲಿ ಒಂದು ಹಳೇ ಟ್ರ್ಯಾಕ್ಸ್ ಜೀಪು ಇಟ್ಟುಕೊಂಡು, ಬಾಡಿಗೆ ಹೊಡೆದು ಸಂಸಾರ ನಡೆಸಿದವರು. ಈಗಲೂ ಉರಿಯುತ್ತದೆ, ಆದರೆ ಮೊದಲಿನ ಹಾಗಲ್ಲ. ಯಾಕೆ ಕಡಿಮೆಯಾಯಿತು ಅಂತ ಯಾರಾದರೂ ಕೇಳಿದರೆ ಮೀಸೆಯೊಳಗೇ ನಕ್ಕು ನನ್ನ ಕಡೆ ನೋಡುತ್ತಾರೆ. ಹೇಳೋದು ನನ್ನ ಪಾಲಿಗೇ ಬರುತ್ತದೆ. ಬಂದ ನೆಂಟರಿಗೆ, ಬಳೆಗಾರ್ತಿಗೆ, ಬಸ್ಸಿನಲ್ಲಿ ಬಾಜೂ ಕುಳಿತವರಿಗೆ ಎಲ್ಲರಿಗೂ ಹೇಳಿದ್ದಾಯಿತು. ಇನ್ನೂ ಹೊಟ್ಟೆ ತುಂಬಿಲ್ಲ. ಅದಕ್ಕೇ ಈಗ ಬರೆಯಲಿಕ್ಕೆ ಕುಳಿತಿದ್ದೇನೆ. ನಾನು ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು. ಒತ್ತಕ್ಷರ ಎಲ್ಲಾದರೂ ಬಿಟ್ಟುಹೋಗಿದ್ದರೆ ಓದುವವರೇ ಹಾಕಿಕೊಳ್ಳಿ.

ಮೊದಲು ಅವರ ಸಿಟ್ಟು ಎಲ್ಲಿಂದ ಬಂತು ಅನ್ನೋದನ್ನು ಹೇಳಬೇಕು.

ಆಲಮಟ್ಟಿ ಡ್ಯಾಮಿನ ಹಿನ್ನೀರು ಏರುತ್ತಿದ್ದ ವರ್ಷಗಳಲ್ಲಿ ಬೀಳಗಿ ಕಡೆಯ ಎಷ್ಟೋ ಊರುಗಳು ಇದ್ದ ಜಾಗ ಬಿಟ್ಟು ಎತ್ತರದ ಜಾಗಕ್ಕೆ ಹೋಗಿ ಕುಳಿತವು. ಆಗ ನಮ್ಮ ಜೀಪಿಗೆ ಬಿಡುವೇ ಇರಲಿಲ್ಲ. ಬೀಸುವ ಕಲ್ಲು, ಬಾಗಿಲ ಚೌಕಟ್ಟು, ಕೋಳಿ ಬುಟ್ಟಿ, ಅದರ ಮೇಲೆ ಅಳುತ್ತ ಕುಳಿತ ಮುದುಕಿಯರು, ಎಲ್ಲವನ್ನೂ ಒಂದೇ ಖೇಪಿನಲ್ಲಿ ತರುತ್ತಿದ್ದರು. ಮಳೆಗಾಲದಲ್ಲಿ ಅನಗವಾಡಿ ಹತ್ತಿರ ಹೊಳೆ ತುಂಬಿ ಬಂದು ದಾಟಲಿಕ್ಕೆ ಬಿಡದಿದ್ದರೆ ಗಾಡಿಗಳು ಸಾಲು ಹಚ್ಚಿ ನಿಲ್ಲುತ್ತಿದ್ದವು. ಡ್ರೈವರುಗಳು ಇಳಿದು ಬೇವಿನ ಗಿಡದ ಕೆಳಗೆ ಟಾವೆಲ್ಲು ಹಾಸಿ ಕುಳಿತುಬಿಡುವರು. ಒಬ್ಬನ ಬುತ್ತಿಯ ರೊಟ್ಟಿ, ಇನ್ನೊಬ್ಬನ ಶೇಂಗಾ ಹಿಂಡಿ, ಮತ್ತೊಬ್ಬನ ತಂಬಾಕು. ಅಂಥ ಒಂದು ಸಾಲಿನಲ್ಲೇ ತೇರದಾಳದ ಲಾರಿ ಡ್ರೈವರೊಬ್ಬರು ಇವರ ಬಾಜೂ ಕುಳಿತು, ಸುಣ್ಣ ತಿಕ್ಕುತ್ತ ಕೇಳಿದರಂತೆ:

"ನಿಮಗ ಹೆಣ್ಣು ಮಕ್ಳು ಅದಾರೇನ್ರಿ?"

"ಒಬ್ಬಾಕಿ ಅದಾಳ್ರಿ."

"ನನಗ ಒಬ್ಬ ಗಂಡಸ ಮಗ ಅದಾನ್ರಿ."

ಹೊಳೆ ಇಳಿಯುವಷ್ಟರಲ್ಲಿ ಮಾತು ಮುಗಿದಿತ್ತು. ನನ್ನ ಮಗಳನ್ನು ತೇರದಾಳಕ್ಕೆ ಕೊಟ್ಟದ್ದು ಹೀಗೆ. ಅಳಿಯ ಬಂಗಾರದಂಥವನು. ಹಾಗಾಗಿ ಗಾಡಿಗಳು ಸಾಲಾಗಿ ನಿಂತವೆಂದರೆ ಅದು ನಾಲ್ಕು ಮಂದಿಯ ಗುರುತು ಮಾಡಿಕೊಳ್ಳುವ ಜಾಗ ಅಂತ ಇವರ ತಲೆಯಲ್ಲಿ ಕೂತುಬಿಟ್ಟಿತ್ತು.

ಮುಂದೆ ಎಲ್ಲರ ಕಿಸೆಗೂ ಫೋನು ಬಂತು. ರಸ್ತೆ ಬಂದಾದರೆ ಈಗ ಯಾರೂ ಕೆಳಗಿಳಿಯೋದಿಲ್ಲ. ಸೀಟಿನ ಮೇಲೇ ಕುಳಿತು ಹಾಡು, ಹರಟೆ, ಹೆಂಡತಿ ಕೂಡ ಜಗಳ. ನಮ್ಮವರು ಸಾಲಿನುದ್ದಕ್ಕೂ ಅಡ್ಡಾಡಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. "ನೋಡ್ಬೇ, ಎಲ್ಲಾರೂ ತಮ್ಮ ತಮ್ಮ ಅಂಗೈ ನೋಡ್ಕೋತ ಕುಂತಾರ. ಭವಿಷ್ಯ ಕೇಳಾಕ ಬಂದವ್ರ ಕುಂತಂಗ!" ಮಗ ಇವರಿಗೂ ಒಂದು ಫೋನು ಕೊಡಿಸಿದ್ದ. ಅದು ಮನೆಯಲ್ಲಿ ದೇವರ ಜಗಲಿಯ ಮಗ್ಗುಲಿಗೆ, ಗೂಡಿನಲ್ಲಿ ಕುಳಿತಿರುತ್ತಿತ್ತು. ಜೀಪಿನ ಚಾವಿ ತೆಗೆದುಕೊಂಡರೆಂದರೆ ಫೋನು ಅಲ್ಲಿಡಲೇಬೇಕು. ಅದು ಅವರ ಕಾಯಿದೆ.

ಈಗ ಖರೆ ಮಾತಿಗೆ ಬರುತ್ತೇನೆ. ನನ್ನ ಮಗನಿಗೆ ಹೆಣ್ಣು ಕೂಸು ಹುಟ್ಟಿತು!

ಸೊಸೆಯ ತವರುಮನೆ ಮುಧೋಳ. ಅಲ್ಲೇ ಬಾಣಂತನ. ಕೂಸು ಹುಟ್ಟಿದ ಮರುದಿನವೇ ಹೋಗಿ ನೋಡಿ ಬಂದಿದ್ದೆ. ಮೆಕ್ಕೆತೆನೆ ಸುಲಿದಾಗ ಒಳಗಿನದು ಇರುತ್ತದಲ್ಲ, ಹಾಗೆ ಮೆತ್ತಗೆ, ಮಾಸಲು ಹೊಂಬಣ್ಣ. ತಲೆ ತುಂಬ ಕೂದಲು. ನನ್ನ ಬೊಟ್ಟು ಹಿಡಿದುಕೊಂಡದ್ದು ಬಿಡಲೇ ಒಲ್ಲದು. ಜಮಖಂಡಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಬೊಟ್ಟನ್ನು ನಾನು ಯಾವುದಕ್ಕೂ ತಾಗಿಸಲಿಲ್ಲ. ನಮ್ಮವರು ನೋಡಿ, "ಬೊಟ್ಟಿಗೆ ಏನ್ ಆಗೇತಿ?" ಅಂದರು. "ಏನೂ ಆಗಿಲ್ಲ, ನೀವು ಗಾಡಿ ಹೊಡೀರಿ" ಅಂದೆ.

ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡೋದು ಅಂತ ಠರಾವಾಯಿತು. ನಮ್ಮ ಕಡೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಕೂಸಿನ ಅಪ್ಪನ ಅಕ್ಕತಂಗಿಯದು. ಆಕೆ ಹೊಸ ಕುಂಚಿಗೆ ತಂದು ಕೂಸಿನ ತಲೆಗೆ ಕಟ್ಟಿ, ತೊಟ್ಟಿಲೊಳಗೆ ಬಗ್ಗಿ, ಕಿವಿಯಲ್ಲಿ "ಕುರ್ರ್" ಅಂತ ಕೂಗಿ ಹೆಸರು ಹೇಳುತ್ತಾಳೆ. ಆಕೆ ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಾ ಧಬಾ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೋ ನನಗೆ ಗೊತ್ತಿಲ್ಲ, ನನ್ನ ಅತ್ತೆಗೂ ಗೊತ್ತಿರಲಿಲ್ಲ. ಗುದ್ದಲಿಲ್ಲ ಅಂದರೆ ಹೆಸರು ಕೂತಂತೆ ಅನ್ನಿಸೋದಿಲ್ಲ, ಅಷ್ಟೇ.

ನನ್ನ ಮಗಳು ಈ ದಿನಕ್ಕಾಗಿ ಕಾದು ಕುಳಿತಿದ್ದಳು. ತಮ್ಮನೇ ಹೇಳಿಬಿಟ್ಟಿದ್ದ, "ಅಕ್ಕಾ, ಹೆಸರು ನೀನ ಆರಿಸು" ಅಂತ. ಆರಿಸಿದ್ದಳು. ಆದರೆ ಯಾರಿಗೂ ಹೇಳಿರಲಿಲ್ಲ. ನಾನು ಕೇಳಿದೆ, ತಮ್ಮ ಕೇಳಿದ, ಗಂಡ ಕೇಳಿದ. "ಕೂಸಿನ ಕಿವ್ಯಾಗ ಹೇಳೂತನಾ ಯಾರಿಗೂ ಇಲ್ಲ" ಅಂದಳು.

ಇನ್ನೊಂದು ಕಡೆ ನನ್ನ ಮೈದುನನ ಮಗಳಿದ್ದಾಳೆ. ಆಕೆಯನ್ನು ಕೊಟ್ಟದ್ದೂ ಮುಧೋಳಕ್ಕೇ. ಆಕೆಯೂ ಕೂಸಿಗೆ ಸೋದರತ್ತೆಯೇ ಆಗಬೇಕು. ಒಳ್ಳೆಯ ಹುಡುಗಿ, ಬಾಯಿ ಸ್ವಲ್ಪ ಜೋರು. "ನೀವು ಹೊತ್ತಿಗೆ ಬರಲಿಲ್ಲಂದ್ರ ನಾ ಅದೇನಿ ಬಿಡ್ರಿ, ನಾನೂ ಒಂದು ಹೆಸರು ತಯಾರ ಇಟ್ಕೊಂಡೇನಿ" ಅಂತ ಹಿಂದಿನ ದಿನವೇ ಚೇಷ್ಟೆ ಮಾಡಿದ್ದಳು. ಬೀಗರ ಮನೆಯ ಹಿರಿಯರು ಹೊತ್ತು ನೆತ್ತಿಗೆ ಬರೋದರೊಳಗೆ ಹೆಸರು ಇಡಲೇಬೇಕು, ಆಮೇಲೆ ಗಳಿಗೆ ಸರಿ ಇಲ್ಲ ಅಂದಿದ್ದರು. ಗಳಿಗೆಯ ವಿಷಯದಲ್ಲಿ ಅವರು ಬಹಳ ಬಿಗಿ.

ಮಗಳು ಹಿಂದಿನ ದಿನ ಸಂಜೆ ತೇರದಾಳದಿಂದ ಜಮಖಂಡಿಗೆ ಬಂದಳು. ಮುಂಜಾನೆ ಉಪ್ಪಿಟ್ಟು ತಿಂದು ಮೂವರೂ ಜೀಪು ಹತ್ತಿದೆವು. ಕುಂಚಿಗೆ, ಹೊಸ ಅಂಗಿ, ಬೆಳ್ಳಿ ಉಡದಾರ, ಹಂಚಲಿಕ್ಕೆ ಒಂದು ದೊಡ್ಡ ಪಾತೇಲಿ ತುಂಬ ಕಡಲೆ ಗುಗ್ಗರಿ. ಮಗಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಫೋನು. ಜೀಪು ಹತ್ತಿದಾಗಿಂದ ಒಂದೇ ಸವನೆ ಮಾತು. ಹೂವು ತಂದಿರೇನು, ತೊಟ್ಟಿಲಿಗೆ ಸೀರೆ ಯಾವುದು ಕಟ್ಟಿದಿರಿ, ಆಕಿ ಬಂದಾಳೇನು, ಯಾವ ಸೀರಿ ಉಟ್ಟಾಳ. ನಮ್ಮವರು ಕನ್ನಡಿಯಲ್ಲಿ ನೋಡಿ ನೋಡಿ, "ಆ ಫೋನಿಗಾದ್ರೂ ಸ್ವಲ್ಪ ಉಸಿರ ತಗೊಳ್ಳಾಕ ಬಿಡವಾ" ಅಂದರು.

ಅರ್ಧ ದಾರಿ ದಾಟಿರಬೇಕು, ಜೀಪು ನಿಂತಿತು.

ಕಬ್ಬಿನ ಸೀಜನ್ನು. ಫ್ಯಾಕ್ಟರಿಗೆ ಹೊಂಟ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರೇಲರು, ಒಂದರ ಹಿಂದೆ ಒಂದು ಕಣ್ಣು ಹೋಗುವಷ್ಟು ದೂರ. ಮುಂದೆ ಎಲ್ಲೋ ಒಂದು ಟ್ರೇಲರು ಪಲ್ಟಿ ಹೊಡೆದು ರಸ್ತೆ ತುಂಬ ಕಬ್ಬು ಚೆಲ್ಲಿದೆ ಅಂತ ಎದುರಿನಿಂದ ನಡೆದು ಬಂದವರು ಹೇಳಿದರು. ಎಡಕ್ಕೆ ಕಾಲುವೆ, ಬಲಕ್ಕೆ ಆಳೆತ್ತರದ ಕಬ್ಬಿನ ಹೊಲ. ಅಡ್ಡದಾರಿ ಇಲ್ಲ. ಒಂದು ಮೋಟಾರ್ ಸೈಕಲ್ಲು ಅಂಚಿನಿಂದ ನುಸುಳುತ್ತ ಬಂತು. ಮಗಳು ಕೈ ಅಡ್ಡ ಹಿಡಿದಳು. ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು, ಹಿಂದೆ ಒಬ್ಬರನ್ನು ಕೂಡಿಸಿಕೊಂಡಿದ್ದ. "ಎಲ್ಲಿ ಕೂಡಸ್ಲಿ ಅಕ್ಕಾರ, ತಲಿ ಮ್ಯಾಲ?" ಅಂದು ಹೋದ.

ಆಗಲೇ ಮಗಳ ಫೋನು ಬಾರಿಸಿತು. ತಮ್ಮ. "ಎಲ್ಲದೀರಿ?" ಅಂದದ್ದು ನನಗೂ ಕೇಳಿಸಿತು. ಮಗಳು "ಇಲ್ಲೇ, ಕಬ್ಬಿನ ಲೈನ್..." ಅನ್ನುವಷ್ಟರಲ್ಲಿ ಫೋನು ಕಣ್ಣು ಮುಚ್ಚಿತು. ಚಾರ್ಜು ಮುಗಿದಿತ್ತು. ಒತ್ತಿದಳು, ತಿಕ್ಕಿದಳು, ಬ್ಯಾಟರಿ ತೆಗೆದು ಊದಿ ಮತ್ತೆ ಹಾಕಿದಳು. ಇಲ್ಲ. ನನ್ನ ಕಡೆ ಫೋನೇ ಇಲ್ಲ. ನಮ್ಮವರದು ಮನೆಯ ಗೂಡಿನಲ್ಲಿ. ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಕಾಲುವೆ ಕಡೆ ನೋಡಿದರು.

ಹೊತ್ತು ಏರುತ್ತಿತ್ತು. ಸುತ್ತಲಿನ ಡ್ರೈವರುಗಳಿಗೆ ಚಿಂತೆಯೇ ಇರಲಿಲ್ಲ. ಒಬ್ಬ ಸ್ಟೇರಿಂಗ್ ಮೇಲೆ ಕಾಲು ಚಾಚಿ ಫೋನಿನಲ್ಲಿ ಸಿನೆಮಾ ನೋಡುತ್ತಿದ್ದ. ಒಬ್ಬ ಟ್ರ್ಯಾಕ್ಟರಿನ ಡೆಕ್ಕಿಗೆ ಫೋನು ಜೋಡಿಸಿ ಹಾಡು ಹಚ್ಚಿದ್ದ, ನಮ್ಮ ಜೀಪಿನ ಕಿಟಕಿಯ ಕಾಜು ನಡುಗುತ್ತಿತ್ತು. ಕಬ್ಬಿನ ಮೇಲೆ ಕುಳಿತಿದ್ದ ಕಡಿಯುವ ಗ್ಯಾಂಗಿನ ಹೆಂಗಸರು ಒಂದೊಂದು ಗಣಿಕೆ ಎಳೆದು ಸಿಗಿದು ತಿನ್ನುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲು ಸ್ವಲ್ಪ ಸರಿಯಿತು. ನಮ್ಮ ಮುಂದಿನ ಟ್ರ್ಯಾಕ್ಟರು ಮಾತ್ರ ಸರಿಯಲಿಲ್ಲ. ನಡುವೆ ಜಾಗ ಬಿತ್ತು, ಎಲ್ಲಿಂದಲೋ ಒಂದು ಟೆಂಪೋ ಬಂದು ಅದರಲ್ಲಿ ಮೂಗು ತೂರಿಸಿ ನಿಂತಿತು.

ನಮ್ಮವರು ಧಡಾರನೆ ಬಾಗಿಲು ತೆಗೆದು ಇಳಿದರು. ಜಗಳ ಗಿಗಳ ಆದೀತೆಂದು ನಾನೂ ಹಿಂದೆ ಓಡಿದೆ. ಮಗಳೂ ಬಂದಳು.

ಟ್ರ್ಯಾಕ್ಟರಿನ ಡ್ರೈವರು ಮೂವತ್ತರ ಆಸುಪಾಸಿನವನು. ತಲೆಗೆ ಟಾವೆಲ್ಲು ಸುತ್ತಿ, ಫೋನಿಗೆ ಅಂಗೈ ಅಡ್ಡ ಹಿಡಿದು, ಕಣ್ಣು ಮುಚ್ಚಿ ಬೆಣ್ಣೆಯಂಥ ದನಿಯಲ್ಲಿ ಮಾತಾಡುತ್ತಿದ್ದ.

"ಬಾ ನನ್ನವ್ವಾ... ಸಿಟ್ಟ ಮಾಡ್ಬ್ಯಾಡ... ನಾ ಎಲ್ಲಿ ಹೋಗೇನಿ, ಇಲ್ಲೇ ಅದೇನಿ... ಹೋ ಹೋ... ಒದೀಬ್ಯಾಡಾ, ಪಾಪ ಆಕಿ ಏನ್ ಮಾಡ್ಯಾಳ... ಕೊಡು ನನ್ನ ಬಂಗಾರಾ..."

ನಮ್ಮವರು ಟ್ರ್ಯಾಕ್ಟರಿನ ಗಾಲಿಗೆ ಕೈಯಿಂದ ಹೊಡೆದರು. "ಏನಲೇ! ಮುಂದ ಲೈನ್ ಸರದೈತಿ. ಹಾಡ ಹಗಲ ನಡು ರಸ್ತೇದಾಗ ಯಾರ್ನ ರಮಿಸಾಕತ್ತೀ?"

ಅವನು ಕಣ್ಣು ತೆರೆಯದೆ, ತಡೆಯಿರಿ ಅನ್ನುವಂತೆ ಒಂದು ಬೆರಳು ಎತ್ತಿದ. ಆ ಬೆರಳು ನೋಡಿ ನಮ್ಮವರ ಕಿವಿ ಕೆಂಪಾಯಿತು. ಅವನು ಫೋನಿನಲ್ಲಿ, "ಕೊಟ್ಟಳಾ? ಕೊಟ್ಟಳಾ?" ಅಂತ ಕೇಳಿ, ಆಮೇಲೆ ಮುಖವೆಲ್ಲ ಹಲ್ಲಾಗಿ ನಮ್ಮ ಕಡೆ ತಿರುಗಿದ.

"ಕೊಟ್ಟಳ್ರಿ ಕಾಕಾ!"

"ಏನ್ ಕೊಟ್ಟಳಲೇ?"

"ಹಾಲು! ನಮ್ಮ ಎಮ್ಮಿರಿ."

ಅವನ ಊರು ಗಲಗಲಿ. ಸೀಜನ್ ಮುಗಿಯುವ ತನಕ ಮನೆಗೆ ಹೋಗಲಿಕ್ಕೆ ಆಗೋದಿಲ್ಲ. ಎಮ್ಮೆಗೆ ಇವನ ಕೈ ರೂಢಿ. ಹೆಂಡತಿ ಚರಿಗೆ ಹಿಡಿದು ಕುಳಿತರೆ ಒದೆಯುತ್ತದೆ. ಆ ದಿನ ಮುಂಜಾನೆಯಿಂದ ಹಿಂಡಲಿಕ್ಕೆ ಬಿಟ್ಟಿರಲಿಲ್ಲ. "ಅದಕ್ಕ ಫೋನ್ ತಗೊಂಡು ಎಮ್ಮಿ ಕಿವಿಗೆ ಹಿಡೀತಾಳ್ರಿ. ನಾ ಇಲ್ಲಿಂದ ಮಾತಾಡ್ತೇನಿ. ನನ್ನ ದನಿ ಕೇಳಿದ ಕೂಡಲೇ ಕಿವಿ ಜೋಲ ಬಿಟ್ಟು ನಿಂದರತೈತಿ. ಲೈನಿನ್ಯಾಗ ನಿಂತಾಗಲ್ಲದ ನನಗ ಬ್ಯಾರೆ ಹೊತ್ತು ಎಲ್ಲಿ ಸಿಗತೈತ್ರಿ? ಗಾಡಿ ಹೊಡಿಯೂಮುಂದ ಮಾತಾಡಿದ್ರ ನೀವ ಬೈತೀರಿ."

"ನಿಂತಾಗ ಮಾತಾಡಿದ್ರೂ ಬೈದಾರಲ್ಲ!" ಅಂತ ಮೇಲಿನಿಂದ ಗ್ಯಾಂಗಿನವಳೊಬ್ಬಳು ನಕ್ಕಳು.

ನಮ್ಮವರು ಟಾವೆಲ್ಲಿನಿಂದ ಕತ್ತು ಒರೆಸಿಕೊಂಡರು. ನನಗೆ ಮಾತ್ರ ಅಲ್ಲೇ ಒಂದು ಹೊಳೆಯಿತು. ಹೊಳೆದದ್ದೇ ತಡ ಬಾಯಿಂದ ಹೊರಗೆ ಬಂತು.

"ತಮ್ಮಾ, ಎಮ್ಮಿ ಕೇಳ್ತೈತಿ ಅಂದಮ್ಯಾಲ ನನ್ನ ಮೊಮ್ಮಗಳು ಕೇಳಂಗಿಲ್ಲೇನು?"

ಎಲ್ಲರೂ ನನ್ನ ಮುಖ ನೋಡಿದರು. ಮಗಳಿಗೆ ಮೊದಲು ತಿಳಿಯಿತು. ಅವಳ ಕಣ್ಣು ಅಗಲವಾದವು. ನಮ್ಮವರು ಒಪ್ಪಲಿಲ್ಲ.

"ಹುಚ್ಚಿ ಅದೀಯೇನು? ಹೆಸರು ಕಿವಿಗೆ ಬಾಯಿ ಹಚ್ಚಿ ಹೇಳೂದು. ಫೋನಿನ್ಯಾಗ ಹೇಳಿದ್ರ ಬೀಗರು ಏನ್ ಅಂದಾರು?"

ಮಗಳು ಸೆರಗು ಸೊಂಟಕ್ಕೆ ಸಿಗಿಸಿದಳು. "ಅಪ್ಪಾ, ಹೊತ್ತು ನೋಡು ಎಲ್ಲಿಗೆ ಬಂತು. ಇನ್ನ ಸ್ವಲ್ಪ ಹೊತ್ತಿಗೆ ಆಕಿ ಬಗ್ಗಿ ತನ್ನ ಹೆಸರು ಹೇಳಿಬಿಡ್ತಾಳ. ನನ್ನ ತಮ್ಮನ ಮಗಳ್ನ ನಾ ಜೀವನ ಪೂರ್ತಿ ಆಕಿ ಇಟ್ಟ ಹೆಸರ ಹಿಡದು ಕರೀಬೇಕೇನು?" ಅಂದವಳೇ ಅತ್ತುಬಿಟ್ಟಳು. ಎರಡು ಮಕ್ಕಳ ತಾಯಿ, ಕಬ್ಬಿನ ಟ್ರ್ಯಾಕ್ಟರಿನ ಮಗ್ಗುಲಿಗೆ ನಿಂತು ಸಣ್ಣ ಹುಡುಗಿಯ ಹಾಗೆ ಅತ್ತಳು.

ಮಗಳ ಕಣ್ಣೀರಿನ ಮುಂದೆ ನಮ್ಮವರ ಕಾಯಿದೆ ಎಂದೂ ನಿಂತಿಲ್ಲ. ಒಂದು ಸಲ ಕೆಮ್ಮಿದರು. ಮೀಸೆ ಸವರಿಕೊಂಡರು. ಆಮೇಲೆ ಡ್ರೈವರನ ಕಡೆ ನೋಡದೆ ಗಾಲಿಯ ಕಡೆ ನೋಡುತ್ತ, "ತಮ್ಮಾ, ಸ್ವಲ್ಪ ಫೋನ್ ಕೊಡ್ತೀಯೇನಪಾ?" ಅಂದರು.

"ಯಾಕ್ರಿ ಕಾಕಾ, ನೀವು ಯಾರ್ನ ರಮಿಸ್ತೀರಿ?"

ಗ್ಯಾಂಗಿನವರೆಲ್ಲ ಹೋ ಎಂದು ನಕ್ಕರು. ನಮ್ಮವರೂ ನಕ್ಕರು. ಅವನು ಫೋನು ಕೊಟ್ಟ. "ಆದ್ರ ಕಾಕಾ, ಕರೆನ್ಸಿ ಎಲ್ಲಾ ಎಮ್ಮಿಗೆ ಖರ್ಚಾಗೇತ್ರಿ. ಒಂದ ಮಾತಿನಷ್ಟು ಉಳದಿರಬೇಕು, ನೋಡ್ರಿ."

ಫೋನು ಕೈಗೆ ಬಂದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗನ ನಂಬರು ಯಾರಿಗೂ ಬಾಯಿಪಾಠ ಇಲ್ಲ! ಮಗಳ ಸತ್ತ ಫೋನಿನಲ್ಲಿತ್ತು, ಮನೆಯ ಗೂಡಿನ ಫೋನಿನಲ್ಲಿತ್ತು. ಮಗಳು ಒಂಬತ್ತು ಎಂಟು ಅಂತ ಶುರು ಮಾಡಿ ನಿಂತಳು. ನಮ್ಮವರು ನನ್ನನ್ನು ಕೇಳಿದರು. "ನನಗೊಂದು ಫೋನ್ ಕೊಡಿಸಿದ್ರಷ್ಟ ಗೊತ್ತಿರತೈತಿ" ಅಂದೆ.

ನಮ್ಮ ಜೀಪಿನ ಹಿಂದೆ ಒಂದು ಬಸ್ಸು ನಿಂತಿತ್ತು. ಅದರ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ನಮ್ಮ ಗದ್ದಲವನ್ನೆಲ್ಲ ಕೇಳುತ್ತಿದ್ದರು. ಅವರು ಕೂಗಿದರು:

"ಯಾರ ನಂಬರ್ ಬೇಕ್ರಿ? ಬಾಡಿಗಿಗೆ ಸಂಪರ್ಕಿಸಿ ಅಂತ ನಿಮ್ಮ ಗಾಡಿ ಹಿಂದ ಬರದೈತಲ್ಲ, ಅದೇನು?"

ಹೌದಲ್ಲ! ನಮ್ಮವರು ಫೋನು ಒಯ್ಯೋದಿಲ್ಲ ಅಂತ ಬಾಡಿಗೆ ಮಾತಾಡಲಿಕ್ಕೆ ಮಗನದೇ ನಂಬರನ್ನು ಹಳದಿ ಬಣ್ಣದಲ್ಲಿ ಬರೆಸಿದ್ದೆವು. ನಮ್ಮ ಬೆನ್ನ ಹಿಂದೆ ಇದ್ದದ್ದು ನಮಗೇ ನೆನಪಿಲ್ಲ.

"ನನ್ನ ಫೋನಿನ್ಯಾಗ ಚಾರ್ಜ್ ಇಲ್ರಿ. ಆಗಿಂದ ನಿಮ್ಮ ಗಾಡೀನ ಓದ್ಕೋತ ಕುಂತೇನಿ" ಅಂದು ಬಸ್ಸಿನ ಡ್ರೈವರು ಗಾಡಿಯ ಕಡೆ ನೋಡದೆಯೇ ಅಷ್ಟೂ ಅಂಕಿಗಳನ್ನು ಪಟಪಟ ಹೇಳಿಬಿಟ್ಟರು.

ಮಗಳು ಒತ್ತಿದಳು. ಕಿವಿಗೆ ಹಿಡಿದಳು. ಆ ಕಡೆಯಿಂದ ಹೆಂಗಸರ ಗದ್ದಲ, ಅದರ ನಡುವೆ ಮಗನ ದನಿ. "ಇವತ್ತ ಗಾಡಿ ಇಲ್ರೀ, ನಮ್ಮ ಮಗಳ ತೊಟ್ಟಲಾ ಐತಿ!" ಕಟ್. ಬಾಡಿಗೆ ಕೇಳುವವರು ಅಂತ ತಿಳಿದು ಇಟ್ಟುಬಿಟ್ಟ. ಮತ್ತೆ ಒತ್ತಿದರೆ ಕರೆನ್ಸಿ ಮುಗಿಯಿತು ಅಂತ ಫೋನಿನೊಳಗಿಂದ ಒಬ್ಬಾಕೆ ಹೇಳಿದಳು. ಮಿಸ್ ಕಾಲ್ ಹೋಗುವಷ್ಟೂ ಇರಲಿಲ್ಲ.

ಹೊತ್ತು ನೆತ್ತಿಗೆ ಹತ್ತಿರ ಬಂದಿತ್ತು. ಮಗಳು ಟ್ರೇಲರಿನ ಗಾಲಿಗೆ ಒರಗಿ ನಿಂತುಬಿಟ್ಟಳು. ಆಗ ಗಲಗಲಿಯವನು ಟ್ರ್ಯಾಕ್ಟರಿನಿಂದ ಜಿಗಿದು, ಡೆಕ್ಕು ಹಚ್ಚಿದ್ದವನ ಕಡೆ ಓಡಿದ. "ಲೇ, ಹಾಡು ಬಂದ್ ಮಾಡಲೇ, ಫೋನ್ ತಾ ಇಲ್ಲೆ. ಹೆಸರಿಡೂದೈತಿ!" "ಯಾರಿಗಲೇ?" "ಕೂಸಿಗಲೇ!" ಅವನು ಡೆಕ್ಕಿನಿಂದ ಫೋನು ಕಿತ್ತುಕೊಂಡು ಬಂದ. ಆ ಫೋನಿನಿಂದ ಮಾಡಿದರೆ ಮಗ ಎತ್ತಲೇ ಇಲ್ಲ. ಮತ್ತೆ ಮಾಡಿದೆವು. ಮತ್ತೂ ಮಾಡಿದೆವು. ಕಡೆಗೆ ಎತ್ತಿದ, ಸಿಟ್ಟಿನಿಂದಲೇ.

"ಯಾರ್ರೀ ನೀವು? ಹೇಳಿದ್ನಲ್ಲಾ ಗಾಡಿ ಇಲ್ಲಂತ!"

ಫೋನು ನಾನು ಕಸಿದುಕೊಂಡೆ. "ಗಾಡಿ ಬ್ಯಾಡೋ ಯಪ್ಪಾ, ನಾ ನಿಮ್ಮವ್ವ!"

ಅಲ್ಲಿ ಏನು ನಡೆದಿತ್ತು ಅಂತ ಅವನು ಒಂದೇ ಉಸಿರಿನಲ್ಲಿ ಹೇಳಿದ. ಕೂಸನ್ನು ತೊಟ್ಟಿಲಿಗೆ ಹಾಕಿದ್ದಾರೆ. ಹಿರಿಯರು ಇನ್ನು ತಡ ಬೇಡ ಅಂದಿದ್ದಾರೆ. ಮೈದುನನ ಮಗಳು ಸೆರಗು ಹೊದ್ದು ತೊಟ್ಟಿಲ ಮಗ್ಗುಲಿಗೆ ನಿಂತಿದ್ದಾಳೆ. ನಾನು ನಮ್ಮ ಕಥೆ ಹೇಳಿದೆ. ಅವನು ಅಲ್ಲಿ ಎಲ್ಲರಿಗೂ ಹೇಳಿದ. ಆಮೇಲೆ ಬೀಗತಿಯ ದನಿ ಬಂತು, ನಿಧಾನವಾಗಿ.

"ಬೀಗ್ತ್ಯಾರ, ಹಿರ್ಯಾರು ಏನಂತಾರಂದ್ರ, ಕೂಸಿನ ಕಿವ್ಯಾಗ ಸೋದರತ್ತಿ ದನಿ ಬಿದ್ರ ಆತಂತ. ಬಾಯಿ ಎಲ್ಲಿದ್ರೇನಂತ."

ನಾನು ನಿಂತಲ್ಲೇ ಆ ಹಿರಿಯರಿಗೆ ಕೈ ಮುಗಿದೆ. ಅಷ್ಟರಲ್ಲಿ ಮೈದುನನ ಮಗಳು ಫೋನು ಇಸಿದುಕೊಂಡಿದ್ದಳು. "ದೊಡ್ಡವ್ವಾ, ಅಕ್ಕನ ಕೈಯಾಗ ಕೊಡು. ನಾ ಫೋನ್ ಹಿಡಕೊಂಡು ಬಗ್ತೇನಿ. ಹೆಸರು ಆಕಿದು, ಗುದ್ದು ನನ್ನವು. ಲಗೂನ ಮುಗಸ್ರಿ!" ಹುಡುಗಿ ಬಾಯಿ ಜೋರು ಅಂದೆನಲ್ಲ, ಮನಸ್ಸು ಮಾತ್ರ ಬೆಣ್ಣೆ.

ಮಗಳು ರಸ್ತೆಯ ಅಂಚಿಗೆ, ನೆಲದ ಮೇಲೇ ಕುಳಿತಳು. ಹೊಸ ಇಳಕಲ್ ಸೀರೆ, ಧೂಳು, ಕಬ್ಬಿನ ಸೋಗೆ, ಯಾವುದನ್ನೂ ನೋಡಲಿಲ್ಲ. ಕುಂಚಿಗೆಯನ್ನು ಉಡಿಯಲ್ಲಿ ಇಟ್ಟುಕೊಂಡಳು. ಗ್ಯಾಂಗಿನ ಹೆಂಗಸರು ಒಬ್ಬೊಬ್ಬರಾಗಿ ಟ್ರೇಲರಿನಿಂದ ಇಳಿದರು. ಅವರಲ್ಲಿ ಅರ್ಧ ಮಂದಿ ಮಹಾರಾಷ್ಟ್ರದ ಕಡೆಯವರು. ನಾನು ಗುದ್ದುವ ವಿಷಯ ಹೇಳಲಿಕ್ಕೆ ಹೋದರೆ, ಒಬ್ಬಾಕೆ ಮರಾಠಿಯಲ್ಲೇ ನಕ್ಕು, ನಮಗೂ ಇದೇ ಪದ್ಧತಿ, ನೀ ಸುಮ್ಮನಿರು ಅಂದಳು. ಬಸ್ಸಿನಿಂದ ಇಬ್ಬರು ಮುತ್ತೈದೆಯರು ಕರೆಯದೆಯೇ ಬಂದರು.

ಎಲ್ಲ ಕೂಡಿ ಬಂದಿತ್ತು, ಆಗಲೇ ಸಾಲು ಸರಿಯಲಿಕ್ಕೆ ಹತ್ತಿತು! ಮುಂದಿನ ಟೆಂಪೋ ಹೋಯಿತು. ಹಿಂದಿನಿಂದ ಹಾರ್ನು ಶುರು. ಡರ್ರ್ ಅಂತ ಇಂಜಿನ್ನುಗಳು. ಆ ಸಪ್ಪಳದಲ್ಲಿ ಕೂಸಿಗೆ ಏನು ಕೇಳಬೇಕು?

ನಮ್ಮವರು ಓಡಿದರು. ಸಾಲಿನಲ್ಲಿ ಒಂದು ಮಾರು ಜಾಗ ಬಿಟ್ಟವನಿಗೆ ಬೈಯಲಿಕ್ಕೆ ಬಂದ ಮನುಷ್ಯ, ರಸ್ತೆಯ ನಡುವೆ ನಿಂತು ಎರಡೂ ಕೈ ಅಗಲಿಸಿದರು. "ಯಾರೂ ಗಾಡಿ ಸರಸಬ್ಯಾಡ್ರಿ! ಇಂಜಿನ್ ಬಂದ್ ಮಾಡ್ರಿ! ಎರಡ ನಿಮಿಷ ತಡೀರಿ, ನಿಮ್ಮ ಕಾಲಿಗೆ ಬೀಳ್ತೇನಿ!" ಗಲಗಲಿಯವನು ತನ್ನ ಟ್ರ್ಯಾಕ್ಟರ್ ಬಂದ್ ಮಾಡಿ ಅವರ ಬಾಜೂ ಹೋಗಿ ನಿಂತ. ಬಸ್ಸಿನವರು ಬಂದ್ ಮಾಡಿದರು. ಹಿಂದೆ ಹಿಂದೆ ಒಬ್ಬರಿಂದ ಒಬ್ಬರಿಗೆ ಮಾತು ಹೋಯಿತು. ದೂರದಲ್ಲಿ ಒಬ್ಬ ಲಾರಿಯವನು, "ಏನಾಗೇತ್ರಿ, ಅಪಘಾತೇನು?" ಅಂತ ಕೂಗಿದ. "ಇಲ್ರಿ, ಹೆಸರಿಡಾಕತ್ತಾರ!" ಅಂತ ಯಾರೋ ತಿರುಗಿ ಕೂಗಿದರು.

ಆಮೇಲೆ ಎಲ್ಲ ಸುಮ್ಮನಾಯಿತು. ಕಬ್ಬಿನ ಸೋಗೆ ಗಾಳಿಗೆ ತಿಕ್ಕುವ ಸಪ್ಪಳ ಕೇಳಿಸಿತು. ಕಾಲುವೆಯ ನೀರು ಕೇಳಿಸಿತು. ಅಷ್ಟು ಗಾಡಿಗಳು ನಿಂತ ರಸ್ತೆ ಅಷ್ಟು ಶಾಂತ ಇದ್ದದ್ದನ್ನು ನಾನು ಮತ್ತೆ ನೋಡಿಲ್ಲ. ಡ್ರೈವರುಗಳು ಇಳಿದು, ಟಾವೆಲ್ಲು ಹೆಗಲಿಗೆ ಹಾಕಿಕೊಂಡು, ದೂರದಲ್ಲೇ ಸುತ್ತ ನಿಂತಿದ್ದರು. ಕೈಯಲ್ಲಿದ್ದ ಫೋನುಗಳನ್ನು ಕಿಸೆಗೆ ಇಟ್ಟಿದ್ದರು.

ಮಗಳು ಸೆರಗಿನಿಂದ ಫೋನಿಗೆ ಮರೆ ಮಾಡಿ ಬಗ್ಗಿದಳು. "ಕುರ್ರ್ರ್..."

ಗುದ್ದು ಬಿದ್ದವು ನೋಡಿ! ದಿನವೆಲ್ಲ ಕಬ್ಬು ಕಡಿಯಲಿಕ್ಕೆ ಕೊಯ್ತಾ ಹಿಡಿಯುವ ಕೈಗಳು. ಧಬ್ ಧಬ್ ಧಬ್. ನಾನೂ ಗುದ್ದಿದೆ, ಇದ್ದ ಶಕ್ತಿಯೆಲ್ಲ ಹಾಕಿ ಗುದ್ದಿದೆ. ಫೋನಿನಿಂದಲೂ ಅಲ್ಲಿನ ಗುದ್ದುಗಳ ಸಪ್ಪಳ, ಮೈದುನನ ಮಗಳ "ಅಯ್ಯಯ್ಯ, ಸಾಕ್ರವಾ!" ಅನ್ನುವ ಕೂಗು. ಇಷ್ಟೆಲ್ಲದರಲ್ಲಿ ಮಗಳು ಹೇಳಿದ ಹೆಸರು ಅವಳ ಮಗ್ಗುಲಲ್ಲೇ ಇದ್ದ ನನಗೆ ಕೇಳಿಸಲೇ ಇಲ್ಲ!

ಒಂದು ಗಳಿಗೆ ಬಿಟ್ಟು ಫೋನಿನೊಳಗಿಂದ ಸಣ್ಣದಾಗಿ, ಕಿರ್ರ್ ಅಂತ ಕೂಸಿನ ಅಳು ಬಂತು. ಮಗಳು ಫೋನನ್ನು ಎತ್ತಿ ಎಲ್ಲರ ಕಡೆ ಹಿಡಿದಳು. ಕಪ್ಪು ಮುಖದ, ಧೂಳು ಮೀಸೆಯ ಅಷ್ಟು ಗಂಡಸರು ಕಿವಿಗೊಟ್ಟು ನಿಂತು ನನ್ನ ಮೊಮ್ಮಗಳು ಅಳೋದನ್ನು ಕೇಳಿದರು. "ಕೇಳೇತ್ರಿ! ಕೂಸಿಗೆ ಕೇಳೇತಿ!" ಅಂತ ಗಲಗಲಿಯವನು ಕುಣಿದ. ತನ್ನ ಎಮ್ಮೆ ಹಾಲು ಕೊಟ್ಟಾಗ ಆದದ್ದಕ್ಕಿಂತ ಹೆಚ್ಚು ಸಂತೋಷ ಅವನ ಮುಖದಲ್ಲಿತ್ತು.

ನಾನು ಗುಗ್ಗರಿಯ ಪಾತೇಲಿ ಬಿಚ್ಚಿದೆ. ಸಾಲಿನ ಉದ್ದಕ್ಕೂ, ಗಾಡಿಗಳು ಮೆಲ್ಲಗೆ ಸರಿಯುತ್ತಿರುವಾಗಲೇ, ಟ್ರ್ಯಾಕ್ಟರಿನವರಿಗೆ ಕೈ ಎತ್ತಿ, ಬಸ್ಸಿನವರಿಗೆ ಕಿಟಕಿಯಲ್ಲಿ, ಹಿಡಿ ಹಿಡಿ ಹಂಚಿದೆ. ಬೀಗರ ಮನೆಗೆ ಒಯ್ಯಲಿಕ್ಕೆ ಪಾತೇಲಿಯ ತಳದಲ್ಲಿ ಸ್ವಲ್ಪ ಉಳಿಯಿತು. ಗ್ಯಾಂಗಿನವರು ನಮ್ಮ ಜೀಪಿನಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲದಂತೆ ಕಬ್ಬು ತುಂಬಿಸಿದರು. ಗಲಗಲಿಯವನ ಫೋನಿಗೆ ಕರೆನ್ಸಿ ಹಾಕಿಸಬೇಕು ಅಂತ ನಮ್ಮವರು ಅವನ ನಂಬರು ಕೇಳಿದರು, ಅವನು ಕೊಡಲೇ ಇಲ್ಲ. "ಲೈನಿನ್ಯಾಗ ಮತ್ತ ಭೆಟ್ಟಿ ಆಗ್ತೇವಿ ತಗೋರಿ ಕಾಕಾ" ಅಂದ.

ಆಮೇಲಿನ ಸೀಜನ್ನುಗಳಲ್ಲಿ ಎಷ್ಟೋ ಸಲ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇವೆ. ನಡೆಯುವ ಗಾಡಿಯಲ್ಲಿ ಫೋನು ಹಿಡಿದವನನ್ನು ನಮ್ಮವರು ಈಗಲೂ ಬಿಡೋದಿಲ್ಲ, ಅವನ ಊರು ಕೇರಿ ಎಲ್ಲ ಎತ್ತಿ ಬೈಯುತ್ತಾರೆ. ನಿಂತ ಗಾಡಿಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಮಾತ್ರ, "ಯಾರ ಎಮ್ಮೀನೋ ಏನೋ, ಬಿಡು" ಅನ್ನುತ್ತಾರೆ. ಅವರ ಫೋನೂ ಈಗ ಜೀಪಿನಲ್ಲೇ ಇರುತ್ತದೆ. ಹಿಡಿಯೋದು ನಾನು.

ಆ ದಿನ ಮುಧೋಳ ಮುಟ್ಟಿದಾಗ ಹೊತ್ತು ವಾಲಿತ್ತು. ಎಲ್ಲರ ಊಟ ಮುಗಿದಿತ್ತು. ಜೀಪಿನಲ್ಲಿ ದಾರಿಯುದ್ದಕ್ಕೂ ಕೇಳಿದರೂ ಮಗಳು ಹೆಸರು ಹೇಳಿರಲಿಲ್ಲ. ಬಾಗಿಲಲ್ಲೇ ಮೈದುನನ ಮಗಳು ಬೆನ್ನು ತಿಕ್ಕಿಕೊಳ್ಳುತ್ತ ನಿಂತಿದ್ದಳು. "ದೊಡ್ಡವ್ವಾ, ನೀ ಇಲ್ಲಿಗೆ ಬರೂತನಾ ಯಾರೂ ಆ ಹೆಸರು ಹಿಡದು ಕರಿಯಾಕ ನಾ ಬಿಟ್ಟಿಲ್ಲ" ಅಂದಳು. ಮಗಳು ಕೈಕಾಲು ತೊಳೆದು ಒಳಗೆ ಹೋಗಿ, ಕುಂಚಿಗೆ ಕಟ್ಟಿ, ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು. ಆಮೇಲೆ ಬಗ್ಗಿ, ಈ ಸಲ ಕಿವಿಗೆ ಬಾಯಿ ಹಚ್ಚಿಯೇ ಹೇಳಿದಳು. ನಾನೂ ಬಗ್ಗಿ ಕಿವಿಗೊಟ್ಟೆ.

ಕೇಳಿದೆ. ಎಂಥಾ ಛಲೋ ಹೆಸರು!

ಇಲ್ಲಿ ಬರೆಯೋದಿಲ್ಲ. ಮೊಮ್ಮಗಳು ಈಗ ಪುಸ್ತಕದ ಚೀಲ ಹಾಕಿಕೊಂಡು ಸಾಲಿಗೆ ಹೊಂಟಿದ್ದಾಳೆ, ಕೇಳದೆ ಬರೆದರೆ ಜಗಳ ತೆಗೆಯುತ್ತಾಳೆ. ಆ ದಿನ ಗಂಡಸರು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ನಮ್ಮವರು ಕಿಟಕಿಗೆ ಮುಖ ಹಚ್ಚಿ, "ಏನಂತಬೇ? ಏನಂತ ಇಟ್ಟಾಳ?" ಅಂತ ಕೇಳುತ್ತಲೇ ಇದ್ದರು. ನಾನು ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಸರಳಿನ ನಡುವೆ ಬಾಯಿ ಇಟ್ಟು, ಅವರ ಕಿವಿಯಲ್ಲಿ ಹೇಳಿದೆ.